ಅಳಿಯನ ಸಂಶೋಧನೆ, ಮಾವನ ಬಿ.ಪಿ.

ಓದುಗರೇ ಇಲ್ಲ ಎಂದು ಕೊರಗುವ ಲೇಖಕರನ್ನು ಕಂಡರೆ ನನಗೆ ಈಗೀಗ ಸಿಟ್ಟೇ ಬರುತ್ತದೆ. ಪುಣ್ಯಾತ್ಮರಾ, ನಿಮ್ಮ ಸುಖ ನಿಮಗೆ ಗೊತ್ತಿಲ್ಲವಲ್ಲ ಎಂದು ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ. ನಾನೂ ಬಹಳ ಕಾಲ ಆ ಸುಖದಲ್ಲೇ ಇದ್ದವನು. ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಮಾಧ್ಯಮ ಮತ್ತು ಸಂವಹನ ಹೇಳಿಕೊಡುವ ಮೇಷ್ಟ್ರು ನಾನು. ನಮ್ಮ ಕಸುಬಿನಲ್ಲಿ ಬರೀ ಪಾಠ ಮಾಡಿದರೆ ಸಾಲದು, ಆಗಾಗ ಒಂದೊಂದು ಸಂಶೋಧನಾ ಲೇಖನವನ್ನೂ ಬರೆಯುತ್ತಿರಬೇಕು. ಇಲ್ಲದಿದ್ದರೆ ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ನನ್ನ ಹೆಸರು ಹೇಳದೆ, ಆದರೆ ನನ್ನನ್ನೇ ನೋಡುತ್ತಾ ಮಾತಾಡುತ್ತಾರೆ. ಹಾಗಾಗಿ ಬರೆದಿದ್ದೇನೆ, ಒಂದಲ್ಲ, ಹಲವು. ಪ್ರಕಟಣೆಗೆ ಮುಂಚೆ ಇಬ್ಬರು ಪರೀಕ್ಷಕರು ಅವನ್ನು ಓದುತ್ತಿದ್ದರು. ಎರಡನೆಯವರು ಪೂರ್ತಿ ಓದುತ್ತಿದ್ದರು ಎಂಬುದಕ್ಕೆ ನನ್ನ ಬಳಿ ಪುರಾವೆಯಿಲ್ಲ. ಪ್ರಕಟವಾದ ಮೇಲಂತೂ ಚಂದಾದಾರರಿಗೆ ಮಾತ್ರ ತೆರೆಯುವ ವೆಬ್‌ಸೈಟುಗಳ ಒಳಗೆ ಸೇರಿಕೊಂಡು ಅವು ತಣ್ಣಗೆ ಇದ್ದುಬಿಡುತ್ತಿದ್ದವು. ನಾನು ಬರೆದದ್ದರಿಂದ ಯಾರಿಗೂ ಒಳ್ಳೆಯದಾಗುತ್ತಿರಲಿಲ್ಲ, ಕೆಟ್ಟದ್ದೂ ಆಗುತ್ತಿರಲಿಲ್ಲ. ಎಂಥಾ ಕಾಲ ಅದು!

ಮನೆಯಲ್ಲೂ ನನ್ನ ವಿದ್ವತ್ತಿನಿಂದ ಯಾರಿಗೂ ತೊಂದರೆ ಇರಲಿಲ್ಲ. ನಾವು ಇರುವುದು ಶೆಟ್ಟಿಹಳ್ಳಿಯಲ್ಲಿ, ನನ್ನ ಮಾವ ಹನುಮಂತರಾಯಪ್ಪನವರ ಕಟ್ಟಡದ ಮೊದಲ ಮಹಡಿಯಲ್ಲಿ. ಹಾಗೆಂದು ನಾನು ಮನೆ ಅಳಿಯನಲ್ಲ, ಇದನ್ನು ದಯವಿಟ್ಟು ಗಮನಿಸಬೇಕು. ಮಾವನ ಮನೆಯ ಮೇಲಿನ ಮನೆಯ ಅಳಿಯ. ನಡುವೆ ಒಂದು ಮೆಟ್ಟಿಲ ಸಾಲು ಇದೆ, ನನ್ನ ಮರ್ಯಾದೆಯೆಲ್ಲ ಆ ಮೆಟ್ಟಿಲ ಮೇಲೆ ನಿಂತಿದೆ. ಮಾವನವರು ಇದೇ ಜಾಗದಲ್ಲಿ ಒಂದು ಕಾಲಕ್ಕೆ ಹುರುಳಿಕಾಯಿ, ಕೋಸು ಬೆಳೆದವರು. ಈಗ ಅದೇ ಸಾಲುಗಳಲ್ಲಿ ಬಾಡಿಗೆದಾರರಿದ್ದಾರೆ. ಮಾವನವರದು ದೊಡ್ಡ ದನಿ, ದೊಡ್ಡ ಮನಸ್ಸು, ಅದಕ್ಕೆ ತಕ್ಕ ಹಾಗೆ ಬಿ.ಪಿ.ಯೂ ದೊಡ್ಡದು. ನನ್ನನ್ನು ಅವರು ಯಾವತ್ತೂ ಏಕವಚನದಲ್ಲಿ ಕರೆದವರಲ್ಲ, 'ಅಳೀಂದ್ರೆ' ಎಂದೇ ಕರೆಯುವುದು. ಆದರೆ ನಾನು ಮಾಡುವ ಕೆಲಸದ ಬಗ್ಗೆ ಮಾತ್ರ ಅವರಿಗೆ ಒಳಗೊಳಗೇ ಅನುಮಾನ. ಒಮ್ಮೆ ಅವರ ಗೆಳೆಯ ಕೆಂಪಣ್ಣನವರು ನನ್ನೆದುರೇ, "ನಿಮ್ಮಳೀಂದ್ರು ಕಾಲೇಜ್ನಾಗೆ ಏನ್ ಏಳ್ಕೊಡ್ತಾರೆ?" ಎಂದು ಕೇಳಿದರು. ಮಾವ ಸ್ವಲ್ಪ ಯೋಚಿಸಿ, "ಮಾತಾಡಾದು ಎಂಗೆ ಅಂತ ಏಳ್ಕೊಡ್ತಾರಂತಪ್ಪ" ಎಂದರು. ಕೆಂಪಣ್ಣ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇವ್ರು ಮಾತೇ ಆಡಲ್ವಲ್ಲ!" ಎಂದು ಆಶ್ಚರ್ಯಪಟ್ಟರು. ನಾನು ಆಗಲೂ ಮಾತಾಡಲಿಲ್ಲ.

ಹೀಗಿದ್ದವನಿಗೆ ಒಂದು ಒಳ್ಳೆಯ ವಿಷಯ ಹೊಳೆಯಿತು. ಆರೋಗ್ಯದ ಬಗ್ಗೆ ಮೊಬೈಲಿನಲ್ಲಿ ಓಡಾಡುವ ಸಂದೇಶಗಳನ್ನು ನಮ್ಮ ಜಾಲಹಳ್ಳಿ ಸುತ್ತಿನ ಹಳೇ ಊರುಗಳ ಜನ ಹೇಗೆ ನಂಬುತ್ತಾರೆ, ಹೇಗೆ ಮುಂದಕ್ಕೆ ಕಳಿಸುತ್ತಾರೆ ಎಂದು ಅಧ್ಯಯನ ಮಾಡಬಹುದಲ್ಲ! ಮನೆಮನೆಗೆ ಹೋಗಿ ಕೇಳಿದೆ. ಮೊದಲ ಮನೆ ಯಾವುದೆಂದು ಹೇಳಬೇಕಿಲ್ಲ, ಮೆಟ್ಟಿಲು ಇಳಿದರೆ ಅದೇ. ಮಾವನವರು ಬಹಳ ಹುಮ್ಮಸ್ಸಿನಿಂದ ತಮ್ಮ ಮೊಬೈಲ್ ತೆಗೆದು ತೋರಿಸಿದರು. ಬೆಳಗ್ಗೆ ಖಾಲಿ ಹೊಟ್ಟೆಗೆ ಬೇವಿನ ಸೊಪ್ಪಿನ ರಸ ಕುಡಿದರೆ ಬಿ.ಪಿ. ಮಾತ್ರೆಯೇ ಬೇಡವಂತೆ. "ಇದು ನಿಜ ಕಣ್ರೀ ಅಳೀಂದ್ರೆ, ನಂಗೆ ನಂಬ್ಕೆ ಐತೆ" ಎಂದರು. ಹಾಗಾದರೆ ಮಾತ್ರೆ ಬಿಟ್ಟಿರಾ ಎಂದು ಕೇಳಿದೆ. "ಏ, ಬುಡ್ತು ಅನ್ನಿ! ಯಾರೋ ಊರು ಕೇರಿ ಗೊತ್ತಿಲ್ದೋರು ಕಳ್ಸಿದ್ನ ನೋಡ್ಕೊಂಡು ಮಾತ್ರೆ ಬುಡಾಕಾಯ್ತದಾ? ನಮ್ಮೋರು ಯಾರಾದ್ರೂ ಏಳಿದ್ರೆ ಬ್ಯಾರೆ ಮಾತು" ಎಂದರು. ನನಗೆ ರೋಮಾಂಚನವಾಯಿತು. ಜನ ಸಂದೇಶವನ್ನು ನೋಡುವುದಿಲ್ಲ, ಕಳಿಸಿದವರನ್ನು ನೋಡುತ್ತಾರೆ! ಇದನ್ನೇ ಹಿಗ್ಗಿಸಿ, ಇಂಗ್ಲಿಷಿನಲ್ಲಿ ಬಹಳ ಕಷ್ಟವಾಗುವ ಹಾಗೆ ಬರೆದೆ. ಮಾವನವರ ಹೆಸರನ್ನು ಮುಚ್ಚಿಟ್ಟೆ, ಸಂಶೋಧನೆಯ ನೀತಿಯೇ ಹಾಗೆ.

ಈ ಸಲ ಲೇಖನ ಸ್ವೀಕಾರವಾದದ್ದು ಮುಕ್ತ ಪತ್ರಿಕೆಯೊಂದರಲ್ಲಿ. ಅಂದರೆ ಚಂದಾ ಇಲ್ಲ, ಪಾಸ್‌ವರ್ಡ್ ಇಲ್ಲ, ಮೊಬೈಲ್ ಇದ್ದವರು ಯಾರು ಬೇಕಾದರೂ ಓದಬಹುದು. ಸಂಪಾದಕರು ಬಹಳ ಆದರ್ಶವಾದಿಗಳು. ಜ್ಞಾನ ಯಾರಿಂದ ಬಂತೋ ಅವರಿಗೇ ವಾಪಸು ತಲುಪಬೇಕು, ಕನ್ನಡದಲ್ಲೂ ಒಂದು ಸಾರಾಂಶ ಕೊಡಿ, ಜೊತೆಗೆ ಎಲ್ಲರಿಗೂ ಕಳಿಸಲು ಒಂದು ಚಿತ್ರ ಮಾಡಿಕೊಡಿ ಎಂದು ಬರೆದರು. ಮಾಡಿಕೊಟ್ಟೆ. ಮೇಲೆ ಲೇಖನದ ಉದ್ದನೆಯ ಇಂಗ್ಲಿಷ್ ಶೀರ್ಷಿಕೆ, ಅದರ ಕೆಳಗೆ 'ಮೊಬೈಲಿನಲ್ಲಿ ಹರಡುತ್ತಿರುವ ಸುಳ್ಳು ಸಲಹೆಗಳು' ಎಂಬ ಸಾಲು. ನಡುವೆ ಅಂಥ ಸಲಹೆಗಳ ಪಟ್ಟಿ, ಚೆನ್ನಾಗಿ ದಪ್ಪ ಅಕ್ಷರದಲ್ಲಿ. ಪಟ್ಟಿಯ ಪಕ್ಕದಲ್ಲಿ ಟೈ ಕಟ್ಟಿಕೊಂಡ ನನ್ನ ಫೋಟೋ. ಕೆಳಗೆ ಸಣ್ಣ ಅಕ್ಷರದಲ್ಲಿ, ಇವು ಯಾವುವೂ ಸಾಬೀತಾಗಿಲ್ಲ, ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ ಎಂಬ ಎಚ್ಚರಿಕೆ. ಪ್ರಕಟವಾದ ದಿನ ಖುಷಿ ತಡೆಯಲಾರದೆ ನಮ್ಮ ಕುಟುಂಬದವರೂ ಮಾವನವರ ಗೆಳೆಯರೂ ಇರುವ ಮೊಬೈಲ್ ಗ್ರೂಪಿಗೂ ಅದನ್ನು ಹಾಕಿದೆ. ನಿಜ ಹೇಳಬೇಕೆಂದರೆ ಫೋಟೋ ಚೆನ್ನಾಗಿ ಬಂದಿತ್ತು.

ಆಮೇಲಿನ ದಿನಗಳಲ್ಲಿ ಕೆಳಗಿನ ಮನೆಯಲ್ಲಿ ನನ್ನ ಬೆಲೆ ಇದ್ದಕ್ಕಿದ್ದಂತೆ ಏರಿತು. ನಾನು ಹೋದರೆ ಮಾವನವರು ಟೀವಿಯ ಸದ್ದು ತಗ್ಗಿಸುವರು. ತಾವು ಕೂರುವ ಕುರ್ಚಿಯನ್ನೇ ನನ್ನ ಕಡೆ ತಳ್ಳಿ "ಬನ್ನಿ ಅಳೀಂದ್ರೆ, ಕುಂತ್ಕಳಿ" ಎನ್ನುವರು. ಬೀದಿಯಲ್ಲಿ ನಾನು ಸ್ಕೂಟರಿನಲ್ಲಿ ಹೋಗುತ್ತಿದ್ದರೆ ಗೊತ್ತಿಲ್ಲದ ಹಿರಿಯರೂ ಕೈಯೆತ್ತಿ ನಮಸ್ಕಾರ ಮಾಡುವರು. ಕೆಂಪಣ್ಣನವರಂತೂ ನನ್ನನ್ನು ಗೇಟಿನ ಹತ್ತಿರ ತಡೆದು ನಿಲ್ಲಿಸಿ, "ಬಾಳ ಒಳ್ಳೇ ಕೆಲ್ಸ ಮಾಡಿದ್ರಿ. ಓದಿರೋರು ಅಂದ್ರೆ ಇಂಗಿರ್ಬೇಕು" ಎಂದರು. ಸಂಶೋಧನೆ ಜನರಿಗೆ ತಲುಪಿದರೆ ಏನಾಗುತ್ತದೆ ನೋಡಿ ಎಂದು ನಾನು ಸ್ಟಾಫ್ ರೂಮಿನಲ್ಲಿ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಸಹೋದ್ಯೋಗಿಗಳು ಟೀ ಕುಡಿಯುತ್ತಾ ಕೇಳಿದರು. ಏನನ್ನು ಮೆಚ್ಚಿ ನಮಸ್ಕಾರ ಮಾಡುತ್ತಿದ್ದೀರಿ ಎಂದು ಒಬ್ಬರನ್ನಾದರೂ ಕೇಳಬೇಕೆಂದು ನನಗೆ ತೋಚಲಿಲ್ಲ. ಮರ್ಯಾದೆ ಸಿಗುತ್ತಿರುವಾಗ ಯಾರು ತಾನೇ ಕಾರಣ ಕೇಳುತ್ತಾರೆ?

ಕಾರಣವನ್ನು ತಂದದ್ದು ನನ್ನ ಹೆಂಡತಿ ಮಂಜುಳ. ಒಂದು ಬೆಳಗ್ಗೆ ಕೆಳಗಿನಿಂದ ಧಡಧಡ ಹತ್ತಿ ಬಂದಳು. ಅವಳು ಹಾಗೆ ಹತ್ತಿ ಬಂದರೆ ನಾನು ಸಾಮಾನ್ಯವಾಗಿ ಪೇಪರು ಮಡಚಿಡುತ್ತೇನೆ.

"ರೀ, ಅಪ್ಪ ಬಿ.ಪಿ. ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ!"

"ಅಯ್ಯೋ, ಯಾಕಂತೆ?"

"ನಿಮ್ಮನ್ನೇ ಕೇಳ್ಬೇಕು. ನಮ್ಮಳೀಂದ್ರು ಬರ್ದವ್ರೆ ಅಂತಾರೆ. ಬೇವಿನ ರಸ ಕುಡೀತಿದ್ದಾರೆ. ಏನ್ರೀ ಬರ್ದಿದ್ದೀರಾ ನೀವು?" ಎಂದು ಮೊಬೈಲನ್ನು ಮೂಗಿಗೆ ಹಿಡಿದಳು.

ನನ್ನದೇ ಚಿತ್ರ. ಆದರೆ ಮೇಲಿನ ಭಾಗ ಇಲ್ಲ, ಕೆಳಗಿನ ಭಾಗವೂ ಇಲ್ಲ. ಮಾವನವರು ಇತ್ತೀಚೆಗೆ ಮೊಬೈಲಿನಲ್ಲಿ ಫೋಟೋ ಕತ್ತರಿಸುವುದನ್ನು ಕಲಿತಿದ್ದರು. ಯಾವುದೋ ಗೃಹಪ್ರವೇಶದ ಫೋಟೋದಿಂದ, ತಮ್ಮೊಡನೆ ಮಾತುಕತೆಯಿಲ್ಲದ ದಾಯಾದಿಯೊಬ್ಬರನ್ನು ತೆಗೆದುಹಾಕಲೆಂದು ಕಲಿತ ವಿದ್ಯೆ ಅದು. ನನ್ನ ಚಿತ್ರದಲ್ಲಿ ಮೇಲಿನ ಇಂಗ್ಲಿಷು ನಮ್ಮೋರಿಗೆ ಅರ್ಥವಾಗುವುದಿಲ್ಲವೆಂದು ಅದನ್ನೂ, ಅದರ ಜೊತೆಗೆ ಅಂಟಿಕೊಂಡಿದ್ದ ಕನ್ನಡದ ಸಾಲನ್ನೂ ಕತ್ತರಿಸಿದ್ದಾರೆ. ಕೆಳಗಿನ ಸಣ್ಣಕ್ಷರ ಕಣ್ಣಿಗೆ ಕಾಣುವುದಿಲ್ಲವೆಂದು ಅದನ್ನೂ ಕತ್ತರಿಸಿದ್ದಾರೆ. ಉಳಿದದ್ದು ದಪ್ಪ ಅಕ್ಷರದ ಪಟ್ಟಿ, ಪಕ್ಕದಲ್ಲಿ ಟೈ ಕಟ್ಟಿಕೊಂಡು ಮುಗುಳ್ನಗುವ ನಾನು. ಕೆಳಗೆ ಮಾವನವರ ಕೈಯಕ್ಷರವೆಂಬಂತೆ ಅವರದೇ ಟೈಪಿಂಗು: 'ನಮ್ಮ ಅಳಿಯ ಪ್ರೊಪೇಸರ್ ಅವರ ಸಂಶೋದನೆ. ಎಲ್ಲರಿಗು ಕಳಿಸಿ.' ಎಲ್ಲರೂ ಎಲ್ಲರಿಗೂ ಕಳಿಸಿದ್ದರು. ಒಬ್ಬ ಗೊತ್ತಿಲ್ಲದವನ ಮಾತಿಗೆ ಮಾತ್ರೆ ಬಿಡದಿದ್ದ ಮನುಷ್ಯ, ತಾವೇ ನನಗೆ ಹೇಳಿದ ಮಾತು ನನ್ನ ಮುಖದೊಂದಿಗೆ ವಾಪಸು ಬಂದದ್ದೇ ತಡ, ಬಿಟ್ಟುಬಿಟ್ಟಿದ್ದರು.

ಕೂಡಲೇ ಕೆಳಗಿಳಿದು ಹೋದೆ. ಮಾವನವರು ಜಗಲಿಯಲ್ಲಿ ಕೆಂಪಣ್ಣನವರ ಜೊತೆ ಕೂತು ಹಸಿರು ರಸ ಕುಡಿಯುತ್ತಿದ್ದರು. ಕೆಂಪಣ್ಣನವರ ಕೈಯಲ್ಲೂ ಒಂದು ಲೋಟ. ಅವರೂ ಮಾತ್ರೆ ಬಿಟ್ಟಾಗಿತ್ತು! "ಬನ್ನಿ ಅಳೀಂದ್ರೆ. ನೋಡಪ್ಪಾ ಕೆಂಪಣ್ಣ, ನಾನು ಮೊದ್ಲಿಂದಾನೂ ಏಳ್ತಿರ್ಲಿಲ್ವಾ? ಈಗ ಕಾಲೇಜ್ನೋರೂ ಒಪ್ಕೊಂಡವ್ರೆ" ಎಂದರು ಮಾವ, ಮೀಸೆಗೆ ಅಂಟಿದ ರಸ ಒರೆಸಿಕೊಳ್ಳುತ್ತಾ. ಆ ಮುಖದಲ್ಲಿದ್ದ ಹೆಮ್ಮೆಯನ್ನು ನೀವು ನೋಡಬೇಕಿತ್ತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಕೆಲಸದ ಬಗ್ಗೆ ಅವರಿಗೆ ಹೆಮ್ಮೆಯಾಗಿತ್ತು. ಅದು ಶುದ್ಧ ಸುಳ್ಳಿನ ಪಟ್ಟಿ ಎಂದು ಕೆಂಪಣ್ಣನವರ ಎದುರಿಗೆ ಹೇಗೆ ಹೇಳಲಿ? ಹೇಳಿದರೆ ಅವರ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣಕ್ಕೇ ಕುತ್ತು. ಕೊನೆಗೆ "ಡಾಕ್ಟರನ್ನೂ ಒಂದು ಮಾತು ಕೇಳಿ ಮಾವ" ಎಂದೆ. "ನೀವಿರೋವಾಗ ಅವ್ರ್ಯಾಕೆ?" ಎಂದರು ಮಾವ. ನಾನು ಮೆಟ್ಟಿಲು ಹತ್ತಿ ವಾಪಸು ಬಂದೆ.

ಬಾಯಲ್ಲಿ ಆಗದ್ದನ್ನು ಬರವಣಿಗೆಯಲ್ಲಿ ಮಾಡೋಣವೆಂದು ಗ್ರೂಪಿಗೆ ಒಂದು ಸ್ಪಷ್ಟನೆ ಬರೆದೆ. ಸಂಶೋಧನೆ ಎಂದರೇನು, ದತ್ತಾಂಶ ಎಂದರೇನು, ಒಂದು ಮಾತನ್ನು ದಾಖಲಿಸುವುದಕ್ಕೂ ಒಪ್ಪುವುದಕ್ಕೂ ಇರುವ ಭೇದವೇನು, ಎಲ್ಲವನ್ನೂ ಪ್ಯಾರಾ ಪ್ಯಾರಾವಾಗಿ ವಿವರಿಸಿದೆ. ಉದ್ದುದ್ದ ಸ್ಪಷ್ಟನೆಗಳನ್ನು ಯಾರೂ ಓದುವುದಿಲ್ಲ, ಮನೆಯ ಹಿರಿಯರು ಎರಡು ಮಾತಲ್ಲಿ ಹೇಳಿದರೆ ಮಾತ್ರ ಜನ ಕೇಳುತ್ತಾರೆ ಎಂದು ಅದೇ ಲೇಖನದ ಕೊನೆಯಲ್ಲಿ ನಾನೇ ಬರೆದಿದ್ದೆ. ಬರೆದದ್ದನ್ನು ನಾನೂ ಓದಿರಲಿಲ್ಲ ಎಂದು ಕಾಣುತ್ತದೆ. ನನ್ನ ಸ್ಪಷ್ಟನೆಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಒಬ್ಬರು ಗುಲಾಬಿ ಹೂವಿನ ಮೇಲೆ 'ಶುಭೋದಯ' ಎಂದು ಬರೆದದ್ದನ್ನು ಕಳಿಸಿದರು. ಕೆಂಪಣ್ಣನವರು 'ಸೂಪರ್ ಸಾರ್' ಎಂದರು.

"ಮಾತಾಡೋದು ಹೇಗೆ ಅಂತ ಊರಿಗೆಲ್ಲಾ ಪಾಠ ಮಾಡ್ತೀರಾ, ಕೆಳಗಡೆ ಮನೇಲಿರೋ ಒಬ್ರಿಗೆ ಹೇಳೋಕಾಗಲ್ವೇನ್ರೀ ನಿಮಗೆ?" ಎಂದಳು ಮಂಜುಳ. ಅವಳು ತಾನೇ ಹೋಗಿ ಹೇಳಿಯೂ ನೋಡಿದ್ದಳು. "ನೀನು ಸುಮ್ಕಿರವ್ವ, ನಿನ್ ಗಂಡ ನಿನಗಿಂತ ಓದವ್ರೆ" ಎಂದು ಮಾವ ಅವಳ ಬಾಯಿ ಮುಚ್ಚಿಸಿದ್ದರಂತೆ. ನನ್ನ ಪರವಾಗಿ ಯಾರಾದರೂ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು, ಅದೂ ಇಂಥ ವಿಷಯಕ್ಕೆ. ಭಾನುವಾರ ಮಾವ ಒಬ್ಬರೇ ಇರುವಾಗ ಕೂರಿಸಿಕೊಂಡು ಎಲ್ಲ ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಹೆದರಿದವನಿಗೆ ಭಾನುವಾರದಂಥ ಆಪ್ತ ಬೇರೆ ಇಲ್ಲ.

ಭಾನುವಾರದವರೆಗೆ ಕಾಯಬೇಕಾಗಲಿಲ್ಲ. ಮಾವನವರಿಗೆ ಈಗ ತೋಟವಿಲ್ಲದಿದ್ದರೂ ಯಶವಂತಪುರದ ಮಾರ್ಕೆಟ್ ಯಾರ್ಡಿನ ರುಚಿ ಬಿಟ್ಟಿಲ್ಲ. ಹಳೇ ಪರಿಚಯದ ಮಂಡಿಗೆ ಹೋಗಿ ಈರುಳ್ಳಿ ಮುಟ್ಟಿ ನೋಡಿ, ಆಲೂಗಡ್ಡೆಗೆ ಎರಡು ಮಾತು ಬೈದು ಬಂದರೆ ಅವರಿಗೆ ಸಮಾಧಾನ. ಶುಕ್ರವಾರ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಕೆಂಪಣ್ಣನವರ ಫೋನು ಬಂತು. "ಅಳೀಂದ್ರೆ, ಗಾಬ್ರಿ ಆಗ್ಬ್ಯಾಡಿ. ಅನ್ಮಂತ್ರಾಯಪ್ಪ ಈರುಳ್ಳಿ ಮೂಟೆ ಮೇಲೆ ಕುಂತ್ಬುಟ್ಟವ್ನೆ. ತಲೆ ಸುತ್ತಂತೆ. ಏಳಾಕಾಯ್ತಿಲ್ಲ." ಗಾಬರಿಯಾಗಬೇಡಿ ಎಂದರೆ ಆಗದಿರಲು ನಾನೇನು ಕಲ್ಲೇ? ಸ್ಕೂಟರು ಹತ್ತಿ ಯಾರ್ಡಿನ ಕಡೆ ಓಡಿಸಿದೆ. ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಟೈ ಕಟ್ಟಿದ ನನ್ನದೇ ಮುಖ. ಹಾಳಾದ ಫೋಟೋ! ಮಾವನವರಿಗೆ ಏನಾದರೂ ಆದರೆ ಮಂಜುಳಳ ಮುಖವನ್ನು ಹೇಗೆ ನೋಡಲಿ ಎಂಬ ಭಯಕ್ಕಿಂತ, ನನ್ನ ಮೇಲೆ ಇಟ್ಟ ನಂಬಿಕೆಗಾಗಿ ಆ ಮನುಷ್ಯ ಹೀಗೆ ಕೂತರಲ್ಲ ಎಂಬ ಸಂಕಟ ದೊಡ್ಡದಾಗಿತ್ತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತು ನಾನು ಜೋರಾಗಿಯೇ "ದೇವರೇ" ಎಂದೆ. ಪಕ್ಕದ ಆಟೋದವರು "ಬಿಡ್ತಾನೆ ಸಾರ್, ಇನ್ನೇನು ಬಿಡ್ತಾನೆ" ಎಂದು ಸಮಾಧಾನ ಹೇಳಿದರು.

ಮಾವನವರು ಮೂಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಹಮಾಲರೊಬ್ಬರು ಗೋಣಿಚೀಲದಿಂದ ಗಾಳಿ ಹಾಕುತ್ತಿದ್ದರು. ಹತ್ತಿರದ ಕ್ಲಿನಿಕ್ಕಿಗೆ ಎಲ್ಲರೂ ಸೇರಿ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ ಹುಬ್ಬೇರಿಸಿದರು.

"ಏನಜ್ಜ ಇದು, ಇಷ್ಟೊಂದಿದೆ! ಮಾತ್ರೆ ತಗೊಳ್ತಾ ಇಲ್ವಾ?"

"ಬುಟ್ಟಿದ್ದೀನಿ ಡಾಕ್ಟ್ರಮ್ಮ."

"ಬಿಡೋಕೆ ಯಾರು ಹೇಳಿದ್ದು?"

ಮಾವನವರು ಅಂಥ ಸ್ಥಿತಿಯಲ್ಲೂ ಕೊಂಚ ಎದೆಯುಬ್ಬಿಸಿ, ನನ್ನ ಕಡೆ ಬೆರಳು ತೋರಿಸಿದರು. "ನಮ್ಮಳೀಂದ್ರು. ಸಂಶೋದ್ನೆ ಮಾಡವ್ರೆ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಎಷ್ಟೋ ಸಂದರ್ಶನಗಳಲ್ಲಿ ಎಷ್ಟೋ ತಜ್ಞರ ಮುಂದೆ ಕೂತಿದ್ದೇನೆ, ಅಂಥ ನೋಟವನ್ನು ನಾನು ಎದುರಿಸಿಲ್ಲ. ತಕ್ಷಣ ಮಾತ್ರೆ ಕೊಟ್ಟು, ಇಲ್ಲೇ ಮಲಗಿರಲಿ, ಇಳಿಯುವವರೆಗೂ ನೋಡುತ್ತೇನೆ ಎಂದರು. ಮಾವ ಅಂಗೈಯಲ್ಲಿ ಮಾತ್ರೆ ಹಿಡಿದುಕೊಂಡೇ ಇದ್ದರು, ಬಾಯಿಗೆ ಹಾಕಲಿಲ್ಲ. ನನ್ನನ್ನೇ ನೋಡುತ್ತಾ, "ಏನ್ ಮಾಡ್ಲಿ ಅಳೀಂದ್ರೆ? ನೀವು ಏಳಿದಂಗೆ" ಎಂದರು.

ಅಲ್ಲಿಗೆ ನನ್ನ ಕಟ್ಟೆಯೊಡೆಯಿತು. "ಮಾವ, ನುಂಗಿ, ಮೊದಲು ನುಂಗಿ. ಅದು ಸುಳ್ಳು ಸುದ್ದಿಗಳ ಪಟ್ಟಿ. ಜನ ಏನೇನು ಸುಳ್ಳು ನಂಬ್ತಾರೆ ಅಂತ ಬರೆದಿದ್ದೆ. ಬೇವಿನ ರಸ ನೀವೇ ನನಗೆ ಹೇಳಿದ್ದು. ಮೇಲೂ ಕೆಳಗೂ ಕತ್ತರಿಸಿಬಿಟ್ಟಿದ್ದೀರಿ" ಎಂದು ಒಂದೇ ಉಸಿರಿಗೆ, ಕೆಂಪಣ್ಣನವರ ಎದುರಿಗೇ, ಕಾಂಪೌಂಡರನ ಎದುರಿಗೂ ಹೇಳಿಬಿಟ್ಟೆ. ಮಾವನವರು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಕೆಂಪಣ್ಣನವರು ಮೆಲ್ಲಗೆ, "ನಂಗೂ ಒಂದು ಕೊಡ್ತೀರಾ ಡಾಕ್ಟ್ರಮ್ಮ?" ಎಂದರು. ಅವರ ತೋಳಿಗೂ ಪಟ್ಟಿ ಬಿತ್ತು. ಆಮೇಲೆ ಡಾಕ್ಟರಮ್ಮ ನನ್ನ ಕಡೆ ನೋಡಿ, "ನಿಮ್ಮ ಮುಖ ಯಾಕೆ ಹಾಗೆ ಕೆಂಪಾಗಿದೆ? ಕೂತ್ಕೊಳ್ಳಿ" ಎಂದು ನನ್ನ ತೋಳಿಗೂ ಸುತ್ತಿದರು. ಗಾಳಿ ಒತ್ತಿ ಒತ್ತಿ ನೋಡಿ, "ಪರವಾಗಿಲ್ವೇ, ಸಂಶೋಧಕರದ್ದೂ ಚೆನ್ನಾಗೇ ಏರಿದೆ. ಒಂದು ವಾರ ದಿನಾ ಬಂದು ತೋರಿಸಿ" ಎಂದರು.

ಮಧ್ಯಾಹ್ನದ ಹೊತ್ತಿಗೆ ಮಾವನವರ ಬಿ.ಪಿ. ತಗ್ಗಿತು. ಮಂಜುಳ ಬಂದು ಅಪ್ಪನ ಕೈ ಹಿಡಿದು ಅತ್ತಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮನೆಗೆ ಬಂದ ಮೇಲೆ ಮಾವನವರು ಮಂಚದ ಮೇಲೆ ಕೂತು, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಗ್ರೂಪಿಗೆ ತಮ್ಮದೇ ದನಿಯಲ್ಲಿ ಒಂದು ಸಂದೇಶ ಬಿಟ್ಟರು. ನಾನು ಬಾಗಿಲಲ್ಲೇ ನಿಂತಿದ್ದೆ.

"ಎಲ್ರೂ ಕೇಳ್ರಪ್ಪಾ. ನಮ್ಮಳೀಂದ್ರು ಬೇವಿನ್ ರಸ ಅಂತ ಬರ್ದಿದ್ರಲ್ಲ, ಅದು ತಪ್ಪಂತೆ. ಎಷ್ಟ್ ಓದಿದ್ರೂ ಒಂದೊಂದ್ಸಲ ಇಂಗಾಯ್ತದೆ. ಅದ್ನ ಕುಡ್ಕೊಂಡು ಮಾತ್ರೆ ಬುಟ್ಟು ನಾನು ಮೂಟೆ ಮೇಲೆ ಬಿದ್ದೆ. ಯಾರೂ ಮಾತ್ರೆ ಬುಡ್ಬ್ಯಾಡಿ. ಅಳೀಂದ್ರಿಗೂ ಬಿ.ಪಿ. ಐತಂತೆ, ಪಾಪ."

ನನ್ನ ದೊಡ್ಡ ಸ್ಪಷ್ಟನೆಗೆ ಗುಲಾಬಿ ಹೂವು ಕಳಿಸಿದ್ದ ಜನ ಈಗ ಪಟಪಟನೆ ಉತ್ತರ ಕೊಟ್ಟರು. ನಾವೂ ನಿಲ್ಲಿಸಿದ್ದೆವು, ಈಗಲೇ ತೆಗೆದುಕೊಳ್ಳುತ್ತೇವೆ ಎಂದರು. ಒಬ್ಬರು ಮಾತ್ರೆ ನುಂಗುತ್ತಿರುವ ವೀಡಿಯೋವನ್ನೇ ಹಾಕಿದರು. ನನಗೆ ನೆಮ್ಮದಿಯಾಯಿತು. ಹೊಟ್ಟೆಯೂ ಉರಿಯಿತು. ತಡೆಯಲಾರದೆ, "ಮಾವ, ನಾನು ಬರೆದದ್ದು ತಪ್ಪಲ್ಲವಲ್ಲ" ಎಂದೆ.

ಮಾವನವರು ಕನ್ನಡಕ ತೆಗೆದಿಟ್ಟು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ಗೊತ್ತು ಕಣ್ರೀ. ಕತ್ತರ್ಸಿದ್ದು ನಾನೇ. ಆದ್ರೆ ಮ್ಯಾಲ್ ಕತ್ತರ್ಸ್ದೆ, ಕೆಳಗ್ ಕತ್ತರ್ಸ್ದೆ ಅಂತ ಅವ್ರಿಗೆಲ್ಲ ಬುಡ್ಸಿ ಏಳಾಕೆ ಯಾರಿಂದಾಯ್ತದೆ? ಅಳಿಯ ತಪ್ಪು ಮಾಡ್ದ ಅನ್ನಿ, ಎಲ್ರೂ ತಕ್ಷಣ ನಂಬ್ತಾರೆ." ಹೇಳಿ ನನ್ನ ತೊಡೆ ತಟ್ಟಿದರು. ಇಷ್ಟು ವರ್ಷ ಸಂವಹನ ಕಲಿಸಿದ ನಾನು ತಲೆಯಾಡಿಸಿದೆ. ಈಗ ಬೀದಿಯಲ್ಲಿ ಹಿರಿಯರು ಮೊದಲಿನಂತೆಯೇ ಕೈಯೆತ್ತುತ್ತಾರೆ, ಆದರೆ ಜೊತೆಗೆ "ಬೇಜಾರ್ ಮಾಡ್ಕೋಬೇಡಿ, ಕಲೀತೀರಾ" ಎಂದೂ ಸೇರಿಸುತ್ತಾರೆ.

ವಾರ ಕಳೆದ ಮೇಲೆ ಡಾಕ್ಟರಮ್ಮ ನನಗೂ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಬಿಡುವ ಹಾಗಿಲ್ಲ ಎಂದು ಎರಡೆರಡು ಸಲ ಹೇಳಿದರು. ಮೊದಲ ಬೆಳಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬಳಿ ನಿಂತೆ. ನನಗಿನ್ನೂ ಅಂಥ ವಯಸ್ಸೇನೂ ಆಗಿಲ್ಲ. ಜೀವಮಾನವಿಡೀ ನುಂಗಬೇಕೆ? ಸುಮ್ಮನೆ ತಿಳಿದುಕೊಳ್ಳಲು ಮಾತ್ರ, ಬೇರೆ ಉದ್ದೇಶವೇನಿಲ್ಲ, ಮೊಬೈಲ್ ತೆಗೆದು 'ಮಾತ್ರೆ ಇಲ್ಲದೆ ಬಿ.ಪಿ. ಇಳಿಸುವುದು ಹೇಗೆ' ಎಂದು ಕನ್ನಡದಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದದ್ದು ಎಲ್ಲರಿಗೂ ಮುಕ್ತವಾಗಿರುವ ನನ್ನದೇ ಲೇಖನದ ಸಾರಾಂಶ. ತೆರೆದೆ. ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಬಹಳ ಶ್ರದ್ಧೆಯಿಂದ ಓದಿದೆ. ಇದರಲ್ಲಿ ಒಂದಾದರೂ ನಿಜವಿದ್ದರೆ, ಎಂದು ಯೋಚಿಸುತ್ತಿರುವಾಗಲೇ ಕೆಳಗಿನಿಂದ ಮಾವನವರ ದೊಡ್ಡ ದನಿ ಕೇಳಿತು. "ಅಳೀಂದ್ರೇ, ನುಂಗಿದ್ರಾ?"

"ನುಂಗ್ದೆ ಮಾವ" ಎಂದು ಕೂಗಿ ಹೇಳಿ, ಆಮೇಲೆ ನುಂಗಿದೆ.